ನಿಃಶ್ವಾಸವೆಂಬ ಎಚ್ಚರಿಕೆ
ನಾವು ಸೇವಿಸುವ ಅನ್ನವು ಜೀವಕೋಶಗಳಲ್ಲಿ ಶಕ್ತಿಯಾಗಿ ಪರಿಣಮಿಸುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ರಕ್ತವು ಅದರ ಸುಮಾರು ಶೇ. 70 ಭಾಗವನ್ನು ಬೈಕಾರ್ಬೊನೇಟ್ ರೂಪದಲ್ಲಿ ಶ್ವಾಸಕೋಶಕ್ಕೆ ತರುತ್ತದೆ. ಒಳಗೆಳೆಯುವ ಗಾಳಿಯಲ್ಲಿ ಶೇ. 0.04ರಷ್ಟಿರುವ ಈ ಅನಿಲವು ನಿಃಶ್ವಾಸದಲ್ಲಿ ಸುಮಾರು ಶೇ. 4ರಷ್ಟಿರುತ್ತದೆ.

ಉಸಿರು ಬಿಗಿಹಿಡಿದಾಗ ಉಂಟಾಗುವ ತಳಮಳಕ್ಕೆ ಮುಖ್ಯ ಕಾರಣ ಆಮ್ಲಜನಕದ ಕೊರತೆಯಲ್ಲ. ರಕ್ತದಲ್ಲಿ ಏರುವ ಈ ಅನಿಲವೇ. ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಭಟ್ಕಳದ ಕಡಲುಗಳಲ್ಲಿ ಮುಳುಗು ಹಾಕುವ ಯುವಕರು ಇದನ್ನರಿಯಬೇಕು. ಮುಳುಗುವ ಮುನ್ನ ಹಲವು ಬಾರಿ ಬಿರುಸಾಗಿ ಉಸಿರಾಡಿದರೆ ಈ ಅನಿಲವು ತಗ್ಗಿ, ಮಿದುಳಿನ ಎಚ್ಚರಿಕೆ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಕುಗ್ಗಿ ನೀರಿನಲ್ಲಿಯೇ ಪ್ರಜ್ಞೆ ತಪ್ಪಬಹುದು. ಆದುದರಿಂದ ಉಸಿರು ಕಟ್ಟುವ ಪಂದ್ಯ ಬೇಡವೆಂದೂ ಒಬ್ಬಂಟಿಯಾಗಿ ಮುಳುಗಬಾರದೆಂದೂ ನಮ್ಮ ಮಕ್ಕಳಿಗೆ ತಿಳಿಹೇಳೋಣ.