ನಿಮಗಿದು ಗೊತ್ತೇ? ಬೇಕಾದಂತೆ ಬದಲಾಗುವ ಬಂಡಿ

● ಒಂದೇ ಗಾಡಿ, ಹತ್ತು ಕೆಲಸ: ಇದು ನಮ್ಮ ಬಾಗಲಕೋಟೆ ಸೀಮೆಗೆ ಹೊಸದಲ್ಲ. ತಟ್ಟಿ ಕಟ್ಟಿದರೆ ಚಕ್ಕಡಿ ಹೊಲಕ್ಕೆ ಗೊಬ್ಬರ ಒಯ್ಯುತ್ತದೆ. ಕೊಲ್ಲಾರಿ ಕಟ್ಟಿದರೆ ಅದೇ ಚಕ್ಕಡಿ ಬನದ ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ಬನಶಂಕರಿ ಜಾತ್ರೆಗೆ ಹೊರಡಿಸುತ್ತದೆ.

● ಬಾದಾಮಿ ರೈಲು ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ದೂರ. ಬಹುಕಾಲ ಈ ಹಾದಿಯ ಆಸರೆ ಟಾಂಗಾ. ರೈಲು ಇಳಿದವರು ಮನೆ ಮುಟ್ಟುವುದು ಹೇಗೆ ಎಂಬುದು ಇಂದು ಮೆಟ್ರೊ ಇರುವ ನಗರಗಳಿಗೂ ತಲೆನೋವು.

● ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆಯ ಹಲವು ಭಾಗ ಮುಳುಗಡೆಯಾಗಿ ನವನಗರ ಎದ್ದಿತು. ಅದರ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿದೆ. ಮನೆ ಒಂದು ಕಡೆ, ಪೇಟೆ ಇನ್ನೊಂದು ಕಡೆ ಆದವರಿಗೆ ಓಡಾಟವೇ ನಿತ್ಯದ ಲೆಕ್ಕ.

● ಆ ಲೆಕ್ಕಕ್ಕೆ ಒದಗಿದ ಗಾಡಿಗಳಲ್ಲಿ ಮೂರು ಗಾಲಿಯ ಟಂಟಂ ಒಂದು. ಒಳಗೆ ಎದುರುಬದುರು ಕೂತ ಮಂದಿ, ಕಾಲ ಸಂದಿಯಲ್ಲಿ ಕಾಯಿಪಲ್ಲೆ ಬುಟ್ಟಿ, ಟಾಪಿನ ಮೇಲೆ ಜೋಳದ ಚೀಲ. ಕೈ ಮಾಡಿದಲ್ಲಿ ನಿಲ್ಲುತ್ತದೆ.

● ಮೂರು ಗಾಲಿಯ ಗಾಡಿ ಮೂರೇ ನಿಮಿಷದಲ್ಲಿ ಸ್ಕೂಟರ್ ಆದರೆ? ಹೀರೊ ಮೋಟೊಕಾರ್ಪ್ 2024ರ ಜನವರಿಯಲ್ಲಿ ತೋರಿಸಿದ ‘ಸರ್ಜ್ ಎಸ್32’ ಹೀಗೆ ಬದಲಾಗುವ ವಿದ್ಯುತ್ ವಾಹನ. ಹಗಲು ಸರಕು ಸಾಗಿಸಿ, ಸಂಜೆ ಒಳಗಿನ ಸ್ಕೂಟರ್ ಬಿಚ್ಚಿಕೊಂಡು ಮನೆಗೆ ಹೋಗಬಹುದು.

● ಬೆಂಗಳೂರಿನ ‘ರೇವಾ’ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಉದ್ದ ಸುಮಾರು 2.6 ಮೀಟರ್ ಅಷ್ಟೇ. ಲಂಡನ್ ಬೀದಿಗಳಲ್ಲಿ ಅದು ‘ಜಿ-ವಿಜ್’ ಹೆಸರಿನಲ್ಲಿ ಓಡಿತು.

● ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ವರ್ಷ 2017.

● ಹಸಿರು ನಂಬರ್ ಪ್ಲೇಟ್ ಕಂಡರೆ ಅದು ಬ್ಯಾಟರಿ ಗಾಡಿ. ಅಕ್ಷರ ಬಿಳಿಯಿದ್ದರೆ ಸ್ವಂತದ್ದು, ಹಳದಿಯಿದ್ದರೆ ಬಾಡಿಗೆಯದು.

● ವೇಗ ಗಂಟೆಗೆ 25 ಕಿ.ಮೀ.ಗಿಂತ, ಮೋಟಾರು 250 ವಾಟ್‌ಗಿಂತ, ಬ್ಯಾಟರಿ ಬಿಟ್ಟು ತೂಕ 60 ಕಿಲೊಗಿಂತ ಕಡಿಮೆಯಿರುವ ವಿದ್ಯುತ್ ಸ್ಕೂಟರಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಇಳಕಲ್‌ನ ನೇಕಾರರ ಓಣಿಯಲ್ಲಿ ಸೀರೆ ಗಂಟು ಮುಟ್ಟಿಸಲು ಇಷ್ಟು ಸಾಕು. ಆದರೆ ಹುನಗುಂದಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗ್ರಾನೈಟ್ ಲಾರಿಗಳ ನಡುವೆ ಅದನ್ನು ಇಳಿಸುವುದು ಜಾಣತನವಲ್ಲ.

● ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನವನ್ನು ಮೋಟಾರು ವಾಹನ ಕಾಯ್ದೆ ಬೇರೆಯಾಗಿಯೇ ಗುರುತಿಸುತ್ತದೆ. ಸ್ಕೂಟಿಗೆ ಪಕ್ಕದ ಗಾಲಿ ಹಾಕಿಸಿದ್ದೀರಾ? ಗ್ಯಾರೇಜಿನಿಂದ ನೇರ ಮನೆಗೆ ಹೋಗಬೇಡಿ. ಬಾಗಲಕೋಟೆಯ ‘ಕೆಎ-29’ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ನಮೂದು ಮಾಡಿಸಿ. ಅಪಘಾತವಾದಾಗ ವಿಮೆ ಕಂಪನಿ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.