ಒಂದೇ ಕೋಣೆಯ ಸಂಸಾರ

ಬೆಳಗಾವಿಯ ಸಮೀಪದ ಸಾಂಬ್ರಾ, ವಿಮಾನ ನಿಲ್ದಾಣಕ್ಕೂ ವಾಯುಸೇನೆಯ ತರಬೇತಿ ಶಾಲೆಗೂ ಹೆಸರಾದ ಊರು. ದುಡಿಮೆಯನ್ನರಸಿ ಬಂದು ಬಾಡಿಗೆಯ ಒಂದೇ ಕೋಣೆಯಲ್ಲಿ ಸಂಸಾರ ಹೂಡುವವರಿಗೆ ಮಂಚಕ್ಕಿಂತಲೂ ತೆರವಾದ ನೆಲವೇ ದೊಡ್ಡ ಸಂಪತ್ತು. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ 6 ಅಡಿ ಉದ್ದ, 5 ಅಡಿ ಅಗಲದ ಮಂಚವೊಂದೇ ನೆಲದ ಕಾಲು ಪಾಲನ್ನು ನುಂಗುವುದು. ಮಗು ಓದಲು ಕೂರುವುದೆಲ್ಲಿ?

ಹಾಸಿಗೆಯನ್ನು ಮುಂಜಾನೆಯೇ ಸುತ್ತಿಡಬೇಕು. ಹಳೆಯ ಸೀರೆಗಳ ಕೌದಿಯನ್ನು ಟ್ರಂಕಿನ ಮೇಲೆ ಹಾಸಿದರೆ ಖರ್ಚಿಲ್ಲದೆ ಪೀಠವೂ ಆಯಿತು, ಕೋಣೆಗೆ ಬಣ್ಣವೂ ಬಂದಿತು. ಪುಸ್ತಕ, ಡಬ್ಬಿಗಳು ನಾಗಂದಿಗೆಯನ್ನೇರಲಿ. ಮಳೆಗಾಲದಲ್ಲಿ ಟ್ರಂಕನ್ನು ಇಟ್ಟಿಗೆಗಳ ಮೇಲೇರಿಸಿ, ಗೋಡೆಯಿಂದ ನಾಲ್ಕು ಬೆರಳು ದೂರವಿರಿಸಿದರೆ ಗಾಳಿಯಾಡಿ, ಬಟ್ಟೆಗೆ ಬೂಷ್ಟು ಹಿಡಿಯುವುದು ತಪ್ಪುವುದು. ಖಾನಾಪುರದ ಮಣ್ಣಿನ ಕುಡಿಕೆಯೊಂದರಲ್ಲಿ ನಾಲ್ಕು ಹೂವಿರಿಸಿದರೆ ಅಲಂಕಾರಕ್ಕೆ ಅಷ್ಟು ಸಾಕು. ಉಳಿದ ಹಣ ಮಗುವಿನ ಪುಸ್ತಕಕ್ಕಾಗಲಿ.