ಎರಡು ಸಂಗೀತಗಳ ಜಾನ್ ಲಾರ್ಡ್

ರಾಕ್ ಸಂಗೀತವು ಬಹುಮಟ್ಟಿಗೆ ಕಿವಿಯನ್ನೂ ಮನೋಧರ್ಮವನ್ನೂ ನಂಬಿ ನಡೆಯುತ್ತದೆ. ಐರೋಪ್ಯ ಶಾಸ್ತ್ರೀಯ ಪದ್ಧತಿಯ ಸಿಂಫನಿ ಆರ್ಕೆಸ್ಟ್ರಾದಲ್ಲಾದರೋ ಹತ್ತಾರು ವಾದಕರು ರಚನಕಾರ ಬರೆದಿಟ್ಟ ಸ್ವರಲಿಪಿಯನ್ನು ಮುಂದಿಟ್ಟುಕೊಂಡು, ಸಂಚಾಲಕನ ಕೈಸನ್ನೆಗೆ ತಕ್ಕಂತೆ ನುಡಿಸುತ್ತಾರೆ. ಈ ಎರಡನ್ನೂ ಒಂದೇ ವೇದಿಕೆಗೆ ತಂದ ಮೊದಲಿಗರ ಸಾಲಿನಲ್ಲಿ ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡದ ಕೀಬೋರ್ಡ್ ವಾದಕ ಜಾನ್ ಲಾರ್ಡ್ (1941–2012) ನಿಲ್ಲುತ್ತಾರೆ.

ಲೆಸ್ಟರ್ ನಗರದಲ್ಲಿ ಹುಟ್ಟಿದ ಲಾರ್ಡ್ ಬಾಲ್ಯದಲ್ಲೇ ಶಾಸ್ತ್ರೀಯ ಪಿಯಾನೊ ಕಲಿತು, ನಟನಾಗುವ ಆಸೆಯಿಂದ ಲಂಡನ್ನಿಗೆ ಹೋಗಿ, ಅಲ್ಲಿನ ಕ್ಲಬ್ಬುಗಳಲ್ಲಿ ನುಡಿಸುತ್ತ ಸಂಗೀತಕ್ಕೇ ಒಲಿದರು. 1968ರಲ್ಲಿ ಡೀಪ್ ಪರ್ಪಲ್ ಹುಟ್ಟುವ ವೇಳೆಗೆ ಅವರ ವಾದ್ಯ ಹ್ಯಾಮಂಡ್ ಆರ್ಗನ್ ಆಗಿತ್ತು. ಕೊಳವೆಗಳುಳ್ಳ ದುಬಾರಿ ಆರ್ಗನ್ನನ್ನು ಕೊಳ್ಳಲಾಗದ ಚರ್ಚುಗಳೂ ಬಳಸಲೆಂದು 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಯಂತ್ರದಲ್ಲಿ, ಅಂಚಿನಲ್ಲಿ ಹಲ್ಲುಗಳಿರುವ ಲೋಹದ ಚಕ್ರಗಳು ಅಯಸ್ಕಾಂತಗಳ ಪಕ್ಕದಲ್ಲಿ ತಿರುಗುತ್ತ ಸುರುಳಿಗಳಲ್ಲಿ ವಿದ್ಯುತ್ ಕಂಪನಗಳನ್ನು ಹುಟ್ಟಿಸುತ್ತವೆ. ಲಾರ್ಡ್ ಅದನ್ನು ಗಿಟಾರಿಗೆಂದು ಮಾಡಿದ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದರು. ಅದರಿಂದ ಹೊರಟ ಒರಟು, ಗರಗರ ನಾದವು ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್‌ರ ಗಿಟಾರಿಗೆ ಸರಿಸಾಟಿಯಾಗಿ ನಿಂತಿತು. ಎರಡು ಸಂಗೀತಗಳ ನಿಜವಾದ ಬೆಸುಗೆ ಆದದ್ದು ಇಲ್ಲೇ ಎನ್ನಬೇಕು: 1972ರ 'ಹೈವೇ ಸ್ಟಾರ್' ಹಾಡಿನ ಆರ್ಗನ್ ಭಾಗದಲ್ಲಿ ಶಾಸ್ತ್ರೀಯ ರಚನಕಾರ ಬಾಖ್‌ನ ಕಾಲದ ಸ್ವರಸರಣಿಗಳು ರಾಕ್‌ನ ವೇಗದಲ್ಲೇ ಓಡುತ್ತವೆ.

ಆದರೆ ಲಾರ್ಡ್ ಹೆಸರಾದದ್ದು 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಪ್ರಸ್ತುತಗೊಂಡ 'ಕನ್ಚೆರ್ಟೊ ಫಾರ್ ಗ್ರೂಪ್ ಅಂಡ್ ಆರ್ಕೆಸ್ಟ್ರಾ' ಎಂಬ ಕೃತಿಯಿಂದ. ಕನ್ಚೆರ್ಟೊ ಎಂದರೆ ಸಾಮಾನ್ಯವಾಗಿ ಒಂದು ವಾದ್ಯವು ಇಡೀ ವಾದ್ಯವೃಂದದೊಡನೆ ಸಂವಾದಿಸುವ, ಮೂರು ಭಾಗಗಳ ರಚನೆ. ಲಾರ್ಡ್ ಆ ಒಂಟಿ ವಾದ್ಯದ ಜಾಗದಲ್ಲಿ ಐವರ ರಾಕ್ ತಂಡವನ್ನು ಕೂರಿಸಿದರು. ಎರಡು ವರ್ಷ ಮೊದಲು ಮೂಡಿ ಬ್ಲೂಸ್ ತಂಡ ಆರ್ಕೆಸ್ಟ್ರಾ ಬಳಸಿತ್ತಾದರೂ ಅಲ್ಲಿ ಅದು ಹೆಚ್ಚಾಗಿ ಹಾಡುಗಳನ್ನು ಪೋಣಿಸುವ ದಾರವಷ್ಟೇ. ಇಲ್ಲಿ ಮೊದಲ ಭಾಗದಲ್ಲಿ ಎರಡು ಪಕ್ಷಗಳೂ ಎದುರಾಳಿಗಳಂತೆ ಒಂದರ ಮಾತನ್ನು ಇನ್ನೊಂದು ಕತ್ತರಿಸುತ್ತವೆ, ಎರಡನೆಯದರಲ್ಲಿ ತಂಡದ ಗಾಯಕ ಇಯಾನ್ ಗಿಲನ್ ತಾವೇ ಬರೆದ ಸಾಲುಗಳನ್ನು ಹಾಡುತ್ತಾರೆ, ಮೂರನೆಯದರಲ್ಲಿ ಎಲ್ಲರೂ ಒಟ್ಟಾಗಿ ನುಡಿಸುತ್ತಾರೆ. ಅಂದು ಜೊತೆಗೂಡಿದ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಕೆಲವರಿಗೆ ಈ ಉದ್ದನೆ ಕೂದಲಿನ ಹುಡುಗರ ಬಗ್ಗೆ ತಾತ್ಸಾರವಿತ್ತು. ಸಂಚಾಲಕರೂ ಹಿರಿಯ ರಚನಕಾರರೂ ಆಗಿದ್ದ ಮಾಲ್ಕಮ್ ಆರ್ನಲ್ಡ್ ಆ ವಾದಕರನ್ನು ಗದರಿಸಿ ದಾರಿಗೆ ತಂದರು. ಕೃತಿಯ ಹೊಲಿಗೆಗಳು ಅಲ್ಲಲ್ಲಿ ಎದ್ದು ಕಾಣುವುದು ನಿಜ. ಬ್ಲ್ಯಾಕ್‌ಮೋರ್ ಅವರಿಗಂತೂ ಇಂಥ ಪ್ರಯೋಗ ಹಿಡಿಸದೆ, ತಂಡ 1970ರಲ್ಲಿ 'ಇನ್ ರಾಕ್' ಆಲ್ಬಮ್ಮಿನೊಂದಿಗೆ ಕಟು ರಾಕ್‌ನತ್ತ ಹೊರಳಿತು.

ಲಾರ್ಡ್ ಬಿಡಲಿಲ್ಲ. 'ಜೆಮಿನಿ ಸೂಟ್', 'ಸರಬಾಂಡ್' ಮುಂತಾದ ಕೃತಿಗಳನ್ನು ಪ್ರತ್ಯೇಕವಾಗಿ ರಚಿಸುತ್ತ, ಜೀವನಕ್ಕಾಗಿ ಡೀಪ್ ಪರ್ಪಲ್, ವೈಟ್‌ಸ್ನೇಕ್ ತಂಡಗಳಲ್ಲಿ ನುಡಿಸುತ್ತಿದ್ದರು. ಇತ್ತ ಕನ್ಚೆರ್ಟೊದ ಮೂಲ ಸ್ವರಲಿಪಿಯೇ 1970ರ ಹೊತ್ತಿಗೆ ಕಳೆದುಹೋಯಿತು. ಮಾರ್ಕೊ ಡಿ ಹೂಯ್ ಎಂಬ ಡಚ್ ರಚನಕಾರರು ಹಳೆಯ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ, ಚಿತ್ರೀಕರಣವನ್ನು ನೋಡಿ, ಪ್ರತಿ ವಾದ್ಯದ ಸ್ವರಗಳನ್ನು ಬಿಡಿಬಿಡಿಯಾಗಿ ಹೆಕ್ಕಿ ಬರೆದುಕೊಂಡರು. ಲಾರ್ಡ್ ಅದನ್ನು ತಿದ್ದಿದ ಮೇಲೆ, ಮೂವತ್ತು ವರ್ಷಗಳ ನಂತರ 1999ರಲ್ಲಿ ಅದೇ ಸಭಾಂಗಣದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಅದನ್ನು ನುಡಿಸಿತು. ಕಾಗದವನ್ನು ನಂಬಿದ ಪದ್ಧತಿಯ ಕೃತಿಯೊಂದು ಹೀಗೆ ರಾಕ್ ಕಲಾವಿದರಂತೆ ಕಿವಿಯನ್ನು ನಂಬಿ ಬದುಕಿಕೊಂಡಿತು.

2002ರಲ್ಲಿ ಡೀಪ್ ಪರ್ಪಲ್ ತೊರೆದ ಮೇಲೆ ಲಾರ್ಡ್ ಪೂರ್ಣಾವಧಿ ರಚನಕಾರರಾದರು. ಡರಮ್ ವಿಶ್ವವಿದ್ಯಾಲಯದ 175ನೆಯ ವರ್ಷಾಚರಣೆಗೆಂದು ರಚಿಸಿ 2007ರಲ್ಲಿ ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ಪ್ರಸ್ತುತಪಡಿಸಿದ 'ಡರಮ್ ಕನ್ಚೆರ್ಟೊ'ದಲ್ಲಿ ರಾಕ್ ತಂಡವಿಲ್ಲ. ಹ್ಯಾಮಂಡ್ ಆರ್ಗನ್ನು ಪಿಟೀಲು, ಚೆಲೊ ಹಾಗೂ ಗಾಳಿಚೀಲದಿಂದ ನುಡಿಸುವ ಆ ಸೀಮೆಯ ನಾರ್ಥಂಬ್ರಿಯನ್ ಪೈಪ್ಸ್ ವಾದ್ಯಗಳ ಜೊತೆ ಸಮಾನವಾಗಿ ಕುಳಿತಿದೆ. 1969ರಲ್ಲಿ ಜಗಳವಾಡಿ ಪಡೆದ ಜಾಗ ಅದಕ್ಕೆ ಇಲ್ಲಿ ಕೇಳದೆಯೇ ಸಿಕ್ಕಿದೆ.